ಗ್ಯಾರೇಜಿನಲ್ಲಿ ಹುಟ್ಟಿದ ಆರ್‌2-ಡಿ2

1976ರಲ್ಲಿ ಟುನೀಷಿಯಾದ ಮರಳುಗಾಡಿನಲ್ಲಿ ಮೊದಲ ‘ಸ್ಟಾರ್ ವಾರ್ಸ್’ ಚಿತ್ರೀಕರಣ ನಡೆಯುತ್ತಿದ್ದಾಗ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ತಂಡವನ್ನು ಬಹಳ ಕಾಡಿದ್ದು ಒಂದು ಪುಟ್ಟ ರೋಬೋಟ್. ರಿಮೋಟ್ ಒತ್ತಿದರೆ ಆರ್‌2-ಡಿ2 ಒಮ್ಮೆ ಹೊರಡುತ್ತಲೇ ಇರಲಿಲ್ಲ. ಇನ್ನೊಮ್ಮೆ ದಾರಿ ಬಿಟ್ಟು ತನಗೆ ತೋಚಿದ ಕಡೆ ಓಡುತ್ತಿತ್ತು. ಅನೇಕ ದೃಶ್ಯಗಳಲ್ಲಿ ಅದರ ಮಾನ ಉಳಿಸಿದವರು ಕುಳ್ಳಗಿನ ನಟ ಕೆನ್ನಿ ಬೇಕರ್. ಅವರು ಲೋಹದ ಮೈಯೊಳಗೆ ತೂರಿಕೊಂಡು ಅದನ್ನು ಅಲುಗಾಡಿಸಿ ಜೀವ ತುಂಬಿದರು. ಎರಡು ಕಾಲಿನ ಮೇಲೆ ನಿಂತದ್ದು ಮೂರು ಕಾಲಿನಲ್ಲಿ ಸಾಗುವಂತೆ ಪರದೆಯ ಮೇಲೆ ಕಂಡದ್ದು ಸಂಕಲನದ ಕೈಚಳಕ. ಅವು ಬೇರೆ ಬೇರೆ ಗೊಂಬೆಗಳು.

ಸ್ಟುಡಿಯೋವನ್ನೇ ಸತಾಯಿಸಿದ ಆ ಯಂತ್ರವನ್ನು ಮನೆಯ ಗ್ಯಾರೇಜಿನಲ್ಲಿ ಸರಿಯಾಗಿ ಕಟ್ಟಿ ತೋರಿಸುವ ಹಟ ಹವ್ಯಾಸಿಗಳಿಗೆ ಹಿಡಿಯಿತು. 1999ರಲ್ಲಿ ಆಸ್ಟ್ರೇಲಿಯಾದ ಡೇವ್ ಎವರೆಟ್ ‘ಆರ್‌2-ಡಿ2 ಬಿಲ್ಡರ್ಸ್ ಕ್ಲಬ್’ ಆರಂಭಿಸಿದರು. ಸದಸ್ಯರು ಚಿತ್ರದ ಫೋಟೊ, ವಸ್ತುಪ್ರದರ್ಶನಗಳಲ್ಲಿಟ್ಟ ಮೂಲ ಗೊಂಬೆ ಎಲ್ಲವನ್ನೂ ಪರಿಶೀಲಿಸಿ ಅಳತೆಗಳ ನಕ್ಷೆ ಸಿದ್ಧಪಡಿಸಿ ಪರಸ್ಪರ ಹಂಚಿಕೊಂಡರು. ಒಬ್ಬರಿಗೆ ಲೇತ್ ಕೆಲಸ ಗೊತ್ತು, ಇನ್ನೊಬ್ಬರಿಗೆ ಸರ್ಕ್ಯೂಟ್, ಮತ್ತೊಬ್ಬರಿಗೆ ಬಣ್ಣ. ಈ ಕೊಡು-ಕೊಳ್ಳುವಿಕೆ ಇಲ್ಲದೆ ಒಂಟಿಯಾಗಿ ಇಂಥ ರೋಬೋಟ್ ಮುಗಿಸುವುದು ಬಹುಪಾಲು ಜನರಿಗೆ ಆಗದ ಮಾತು.

ಮೈಗೆ ಪ್ಲೈವುಡ್, ಸ್ಟೈರೀನ್ ಹಾಳೆ ಅಥವಾ ಅಲ್ಯೂಮಿನಿಯಂ. ಈಚೆಗೆ 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್. ಪೂರ್ತಿ ಲೋಹದ್ದಾದರೆ ಇಬ್ಬರು ಸೇರಿದರೂ ಎತ್ತುವುದು ಕಷ್ಟ. ಹೊರಗಿನ ಎರಡು ಪಾದಗಳಲ್ಲಿ ಒಂದೊಂದು ಮೋಟಾರು, ನಡುವಿನ ಪಾದದಲ್ಲಿ ಎತ್ತ ಬೇಕಾದರೂ ಹೊರಳುವ ಗಾಲಿ. ಎಡ ಮೋಟಾರು ವೇಗವಾಗಿ ತಿರುಗಿದರೆ ರೋಬೋಟ್ ಬಲಕ್ಕೆ ಹೊರಳುತ್ತದೆ. ಯುದ್ಧದ ಟ್ಯಾಂಕು ತಿರುಗುವುದೂ ಹೀಗೆಯೇ. ಭಾರವಾದ ಬ್ಯಾಟರಿಯನ್ನು ಆದಷ್ಟು ಕೆಳಗಿಡಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಮಿದುಳಿನ ಕೆಲಸಕ್ಕೆ ಆರ್ಡುಯಿನೊ ಎಂಬ ಸಣ್ಣ ಸರ್ಕ್ಯೂಟ್ ಬೋರ್ಡ್ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲೂ ಅದು ಸಿಗುತ್ತದೆ.

ತಲೆಯ ಗುಮ್ಮಟದ್ದು ಬೇರೆಯೇ ತಕರಾರು. ಅದು ಸುತ್ತುತ್ತಲೇ ಇರಬೇಕು, ಒಳಗಿನ ದೀಪಗಳಿಗೆ ಕೆಳಗಿನ ಬ್ಯಾಟರಿಯಿಂದ ಕರೆಂಟೂ ಹೋಗಬೇಕು. ನೇರ ವೈರ್ ಎಳೆದರೆ ನಾಲ್ಕು ಸುತ್ತಿಗೆ ತಿರುಚಿ ಕಿತ್ತುಬರುತ್ತದೆ. ಅದಕ್ಕೆ ಸ್ಲಿಪ್ ರಿಂಗ್ ಬೇಕು. ತಿರುಗುವ ಉಂಗುರಗಳಿಗೆ ಪುಟ್ಟ ಬ್ರಷ್‌ಗಳು ತಾಗಿಕೊಂಡೇ ಇದ್ದು ವಿದ್ಯುತ್ ದಾಟಿಸುವ ಈ ಸಾಧನ ಹೆಬ್ಬೆರಳಿನಷ್ಟೇ ದೊಡ್ಡದಾದರೂ ಇಡೀ ತಲೆಯ ಸ್ವಾತಂತ್ರ್ಯ ಅದರ ಮೇಲೆ ನಿಂತಿದೆ.

ಇಷ್ಟಾದರೆ ಯಂತ್ರ ಓಡುತ್ತದೆ. ಪಾತ್ರವಾಗುವುದಕ್ಕೆ ಇನ್ನೂ ಬಹಳ ದೂರವಿದೆ.

ಮೊದಮೊದಲು ಎಲ್ಲರ ರೋಬೋಟೂ ಜೋಲಿ ಹೊಡೆಯುತ್ತದೆ. ಜಾಯ್‌ಸ್ಟಿಕ್ ಸರಿಸಿದ ಕೂಡಲೇ ಮೋಟಾರಿಗೆ ಪೂರ್ಣ ಶಕ್ತಿ ನುಗ್ಗಿ ಮೈ ಹಿಂದಕ್ಕೆ ವಾಲುತ್ತದೆ. ಬಿಟ್ಟೊಡನೆ ಮುಂದಕ್ಕೆ ಬಾಗುತ್ತದೆ. ಪ್ರೋಗ್ರಾಮಿನಲ್ಲಿ ವೇಗ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂತೆ ತಿದ್ದಿದ ಮೇಲೆ ನಡಿಗೆಗೆ ಗಾಂಭೀರ್ಯ ಬರುತ್ತದೆ. ಮುಚ್ಚಳ ತೆರೆಯುವ ಸರ್ವೋ ಮೋಟಾರುಗಳು ಒಮ್ಮೆಲೇ ಹೆಚ್ಚು ಕರೆಂಟ್ ಎಳೆದು ಆರ್ಡುಯಿನೊ ಮತ್ತೆ ಮತ್ತೆ ರೀಸೆಟ್ ಆಗುವುದು ಇನ್ನೊಂದು ಸಾಮಾನ್ಯ ಗೋಳು. ಅವಕ್ಕೆ ವಿದ್ಯುತ್ ಪೂರೈಕೆ ಬೇರೆ ಮಾಡಿ, ಗ್ರೌಂಡ್ ವೈರನ್ನು ಮಾತ್ರ ಒಂದುಗೂಡಿಸಿದರೆ ಬಾಧೆ ತಪ್ಪುತ್ತದೆ. ರಿಮೋಟ್ ಸಂಪರ್ಕ ಕಡಿದರೆ ತಾನಾಗಿ ನಿಲ್ಲುವ ವ್ಯವಸ್ಥೆಯನ್ನಂತೂ ಯಾರೂ ನಾಳೆಗೆ ಮುಂದೂಡಬಾರದು, ಏಕೆಂದರೆ ಇದು ಓಡಾಡುವುದು ಮಕ್ಕಳ ನಡುವೆ.

ನಂತರ ಬರುತ್ತದೆ ಅಭಿನಯ. ಯಾರಾದರೂ ಕರೆದರೆ ಮೊದಲು ಗುಮ್ಮಟ ತಿರುಗಬೇಕು, ಆಮೇಲೆ ಮೈ. ಎರಡೂ ಒಟ್ಟಿಗೆ ತಿರುಗಿದರೆ ಅದು ಬರೀ ಗಾಡಿ. ನಿಂತಿದ್ದಾಗಲೂ ತಲೆ ಆಗಾಗ ತುಸು ಹೊರಳಿದರೆ ಅದು ಏನನ್ನೋ ಗಮನಿಸುತ್ತಿದೆ ಎನಿಸುತ್ತದೆ. ದನಿಯ ಅಳವಡಿಕೆ ಇನ್ನೂ ಸೂಕ್ಷ್ಮ. ಆರ್‌2ನ ಪೀ-ಪೀ ಮಾತನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ಸೃಷ್ಟಿಸಿದ್ದು ಎಆರ್‌ಪಿ 2600 ಸಿಂಥಸೈಜರಿಗೆ ತಮ್ಮದೇ ತೊದಲುದನಿ ಬೆರೆಸಿ. ಆ ತೊದಲಿನಲ್ಲಿ ಮಗುವಿನ ಮುನಿಸು, ಸಂಭ್ರಮ ಎಲ್ಲ ಅಡಗಿದೆ. ಪ್ರಶ್ನೆ ಮುಗಿದು ಅರೆಗಳಿಗೆ ಬಿಟ್ಟು ಸದ್ದು ಬಂದರೆ ಉತ್ತರದಂತೆ ಕೇಳುತ್ತದೆ. ಮಾತಿನ ನಡುವೆ ಬಂದರೆ ಗದ್ದಲವಾಗುತ್ತದೆ.

ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರ ಹಿಡಿದವರಿಗೆ ಪರದೆಯ ಮರೆಯಿದೆ. ಆರ್‌2 ಆಡಿಸುವವರಿಗೆ ಅದಿಲ್ಲ, ಜನರ ನಡುವೆಯೇ ನಿಲ್ಲಬೇಕು. ಹಾಗಾಗಿ ಅನೇಕರು ಪ್ಲೇಸ್ಟೇಷನ್ 3ರ ಒಂದು ಕೈಯಲ್ಲಿ ಹಿಡಿಯುವ ನ್ಯಾವಿಗೇಷನ್ ಕಂಟ್ರೋಲರನ್ನೇ ಆರಿಸಿಕೊಂಡರು. ಜೇಬಿನೊಳಗೆ ಬೆರಳಾಡಿಸುತ್ತ ನಿಂತವರತ್ತ ಯಾರೂ ನೋಡುವುದಿಲ್ಲ. ಮಕ್ಕಳು ರೋಬೋಟಿನೊಂದಿಗೇ ಮಾತಿಗಿಳಿಯುತ್ತಾರೆ.

ಈ ಹವ್ಯಾಸದ ಅತ್ಯಂತ ಆರ್ದ್ರ ಅಧ್ಯಾಯ ಗುಲಾಬಿ ಬಣ್ಣದ್ದು. ‘501ನೇ ಲೀಜನ್’ ಎಂಬ ವೇಷಧಾರಿ ಅಭಿಮಾನಿ ಬಳಗ ಕಟ್ಟಿದ ಆಲ್ಬಿನ್ ಜಾನ್ಸನ್ ಅವರ ಪುಟ್ಟ ಮಗಳು ಕೇಟಿಗೆ ಮಿದುಳಿನ ಕ್ಯಾನ್ಸರ್ ಆಗಿತ್ತು. ತನ್ನನ್ನು ಕಾಯಲು ಒಂದು ಆರ್‌2 ಬೇಕೆಂಬುದು ಅವಳ ಆಸೆ. ಪೂರ್ಣ ರೋಬೋಟ್ ಸಿದ್ಧವಾಗುವ ಮುನ್ನವೇ, 2005ರಲ್ಲಿ, ಅವಳು ತೀರಿಕೊಂಡಳು. ಅದನ್ನು ಕಟ್ಟುತ್ತಿದ್ದ ಬಿಲ್ಡರ್ಸ್ ಕ್ಲಬ್ಬಿನ ಸದಸ್ಯರು ಕೆಲಸ ನಿಲ್ಲಿಸಲಿಲ್ಲ. ಆರ್‌2-ಕೆಟಿ ಎಂಬ ಆ ಗುಲಾಬಿ ರೋಬೋಟ್ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಭೇಟಿ ಮಾಡಿತು, ಮುಂದೆ 2015ರ ‘ದಿ ಫೋರ್ಸ್ ಅವೇಕನ್ಸ್’ ಚಿತ್ರದಲ್ಲೂ ಕಾಣಿಸಿಕೊಂಡಿತು.

ಅದೇ ಚಿತ್ರಕ್ಕೆ ಸ್ಟುಡಿಯೋ ಹವ್ಯಾಸಿಗಳ ಮೊರೆ ಹೋಗಿತ್ತು. 2013ರ ಜುಲೈನಲ್ಲಿ ಜರ್ಮನಿಯ ಎಸೆನ್‌ನಲ್ಲಿ ಅಭಿಮಾನಿಗಳ ಸಮಾವೇಶ. ಲ್ಯೂಕಾಸ್‌ಫಿಲ್ಮ್ ಸ್ಟುಡಿಯೋದ ಆಗಿನ ಅಧ್ಯಕ್ಷೆ ಕ್ಯಾಥ್ಲೀನ್ ಕೆನೆಡಿ ರೋಬೋಟ್ ಕಟ್ಟುವವರ ವಿಭಾಗಕ್ಕೆ ಬಂದಾಗ ಬ್ರಿಟನ್ನಿನ ಲೀ ಟೌರ್ಸಿ ಮತ್ತು ಆಲಿವರ್ ಸ್ಟೀಪಲ್ಸ್, ಮುಂದಿನ ಚಿತ್ರಕ್ಕೆ ಬೇಕಾದರೆ ನಾವು ಸಿದ್ಧ ಎಂದು ಅರ್ಧ ತಮಾಷೆಗೆ ಹೇಳಿದರು. ಕರೆ ನಿಜಕ್ಕೂ ಬಂತು. ಪೈನ್‌ವುಡ್ ಸ್ಟುಡಿಯೋದಲ್ಲಿ ಅವರು ಹೊಸ ಆರ್‌2-ಡಿ2 ಕಟ್ಟಿದರು. ಟೌರ್ಸಿ ನಂತರದ ಚಿತ್ರಗಳಲ್ಲೂ ಅದರ ರಿಮೋಟ್ ಹಿಡಿದರು.