ಮಣ್ಣೆತ್ತು ಮತ್ತು ದಂಟಿನ ಚಕ್ಕಡಿ: ಎಳೆಯ ಮಕ್ಕಳ ಮುಕ್ತ ಆಟ

ಗುರಿ, ನಿಯಮ, ಸೋಲು-ಗೆಲುವುಗಳನ್ನು ದೊಡ್ಡವರು ಗೊತ್ತುಮಾಡದೆ ಮಗು ತಾನೇ ಕಟ್ಟಿಕೊಳ್ಳುವ ಆಟಕ್ಕೆ ಮುಕ್ತ ಆಟ ಎನ್ನುತ್ತಾರೆ. ಅದರ ಸಾಮಗ್ರಿಗೂ ಇಂಥದ್ದೇ ಉಪಯೋಗ ಎಂಬುದಿಲ್ಲ. ಕೀಲಿ ಕೊಟ್ಟರೆ ಓಡುವ ಕಾರು ಬಹುಮಟ್ಟಿಗೆ ಕಾರಾಗಿಯೇ ಉಳಿಯುತ್ತದೆ. ಮಣ್ಣಿನ ಮುದ್ದೆ ಎತ್ತೂ ಆಗುತ್ತದೆ, ರೊಟ್ಟಿಯೂ ಆಗುತ್ತದೆ.

ಕಲಬುರಗಿ ಸೀಮೆಯ ಎರೆಭೂಮಿಯಲ್ಲಿ ಇಂಥ ಸಾಮಗ್ರಿಗೆ ಕೊರತೆಯಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು, ಅವಕ್ಕೆ ಮೇವಿನ ಗ್ವಾದಲಿಗಳನ್ನು ಮಾಡಿ ಪೂಜಿಸುತ್ತಾರೆ. ಉಳಿದ ಮಣ್ಣು ಮಕ್ಕಳ ಪಾಲು. ಮಗು ಮಾಡಿದ ಎತ್ತಿನ ಕಾಲು ಸಣಕಲಾದರೆ ಮೈಭಾರಕ್ಕೆ ಕುಸಿಯುತ್ತದೆ. ನೀರು ಹೆಚ್ಚಾದರೆ ಕೋಡು ನಿಲ್ಲುವುದಿಲ್ಲ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಕಾಲು ದಪ್ಪ ಮಾಡಬೇಕೆಂದು ಯಾರೂ ಹೇಳದೆ ಮಗುವಿಗೆ ಹೊಳೆಯುತ್ತದೆ. ಜೋಳದ ರಾಶಿಯ ಕಾಲಕ್ಕೆ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಅದೇ ಸಿಪ್ಪೆಯ ಕಡ್ಡಿ ಚುಚ್ಚಿ ಚಕ್ಕಡಿ ಕಟ್ಟುವಾಗಲೂ ಹೀಗೆಯೇ: ಎರಡು ಗಾಲಿ ಸಮನಾಗದಿದ್ದರೆ ಬಂಡಿ ವಾಲುತ್ತದೆ.

ಮಾಡಿ, ಕೆಡಿಸಿ, ಮತ್ತೆ ಮಾಡುವ ಈ ಕೆಲಸದಲ್ಲಿ ಬೆರಳುಗಳ ಸ್ನಾಯುಗಳು ಪಳಗುತ್ತವೆ. ಮುಂದೆ ಬಳಪ ಹಿಡಿಯುವುದು ಅವೇ ಬೆರಳು. ಕೋಲನ್ನು ಕುದುರೆ ಮಾಡಿ ಆಡುವ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ವಿವರಿಸಿದರು. ಒಂದು ಗುರುತು ಇನ್ನೊಂದನ್ನು ಸೂಚಿಸಬಲ್ಲದೆಂಬ ಈ ಅರಿವೇ ಅಕ್ಷರ, ಅಂಕಿಗಳಿಗೂ ಬುನಾದಿ. ಒಡನಾಡಿಗಳು ಸೇರಿ ‘ನೀನು ಎತ್ತು, ನಾನು ಒಕ್ಕಲಿಗ’ ಎಂದು ಪಾತ್ರ ಹಂಚಿಕೊಳ್ಳುವಾಗ ಮಾತು ಬೆಳೆಯುತ್ತದೆ, ಸರದಿ ಕಾಯುವ ತಾಳ್ಮೆ ಬರುತ್ತದೆ.

ದೊಡ್ಡವರ ಅತಿಯಾದ ಪಾಠ ಈ ಹುಡುಕಾಟವನ್ನು ಕುಗ್ಗಿಸಬಹುದು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಲವು ಚಮತ್ಕಾರಗಳಿದ್ದ ಹೊಸ ಆಟಿಕೆಯನ್ನು ಎಳೆಯ ಮಕ್ಕಳಿಗೆ ಕೊಡಲಾಯಿತು. ಒಂದು ಚಮತ್ಕಾರವನ್ನು ಪಾಠದಂತೆ ತೋರಿಸಿಕೊಟ್ಟಾಗ ಮಕ್ಕಳು ಅದಕ್ಕೇ ಅಂಟಿಕೊಂಡರು. ಹಾಗೆ ಕಲಿಸದೆ ಬಿಟ್ಟ ಮಕ್ಕಳು ಹೆಚ್ಚು ಸಂಗತಿಗಳನ್ನು ಕಂಡುಕೊಂಡರು.

ಭಾರತದಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವಿದೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟವನ್ನೇ ಕಲಿಕೆಯ ನಡುವೆ ಇರಿಸಿದೆ. ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ದಂಟಿನ ಸಿಪ್ಪೆಯ ಅಂಚು ಕೈ ಕೊಯ್ಯದಂತೆ, ಕಾಳು-ಹರಳು ಹಸುಗೂಸಿನ ಬಾಯಿಗೆ ಹೋಗದಂತೆ ದೊಡ್ಡವರು ನೋಡಿಕೊಳ್ಳಬೇಕು; ಬಿಡುವು ಕೊಡಬೇಕು. ಕುಸಿದ ಎತ್ತನ್ನು ನಿಲ್ಲಿಸುವ ಕೆಲಸವನ್ನು ಮಗುವಿಗೇ ಬಿಡಬೇಕು.