ಪ್ರಾರ್ಥನೆ ಇರಲಿ, ಮಾತ್ರೆಯೂ ಇರಲಿ

2020ರ ಮಾರ್ಚ್ ಕೊನೆಯ ವಾರವನ್ನು ನಂಜನಗೂಡಿನವರು ಮರೆಯಲಾರರು. ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕಾಣಿಸಿಕೊಂಡ ಕೊರೊನಾ, ಜೊತೆ ಕೆಲಸಗಾರರಿಗೂ ಅವರ ಮನೆಯವರಿಗೂ ಹರಡಿತು. ಅದೇ ವರ್ಷದ ಏಪ್ರಿಲ್ 10ರಂದು ಶುಭ ಶುಕ್ರವಾರ, 12ರಂದು ಈಸ್ಟರ್. ಲಾಕ್‌ಡೌನ್‌ನಿಂದಾಗಿ ದೇಶದ ಚರ್ಚುಗಳೆಲ್ಲ ಮುಚ್ಚಿದ್ದವು. ನಂಜನಗೂಡು, ತಿ. ನರಸೀಪುರದ ಕ್ರೈಸ್ತ ಕುಟುಂಬಗಳೂ ಮನೆಯಲ್ಲೇ ಮೊಣಕಾಲೂರಬೇಕಾಯಿತು.

‘ದೇವರೇ, ನಮಗೇಕೆ ಈ ಕಷ್ಟ?’ ಎಂಬ ಪ್ರಶ್ನೆ ಇಂಥ ಹೊತ್ತಿನಲ್ಲಿ ಯಾರಿಗೂ ಬರುತ್ತದೆ. ಕಾಯಿಲೆ ಬಂದಾಗ ದೇವರ ಮೊರೆ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ನಂಜನಗೂಡಿನ ದೇವರಿಗೇ ‘ಹಕೀಂ ನಂಜುಂಡ’ ಎಂಬ ಹೆಸರಿದೆ. ಆದರೆ ಆ ಪ್ರಶ್ನೆಗೆ ನೀವು ಕಂಡುಕೊಳ್ಳುವ ಉತ್ತರ ನಿಮ್ಮ ಆರೋಗ್ಯದ ಮೇಲೂ ಪರಿಣಾಮ ಬೀರುತ್ತದೆ ಎಂಬುದನ್ನು ಬಲ್ಲಿರಾ?

ಭಯ, ಚಿಂತೆ ಹೆಚ್ಚಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳು ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ನಿದ್ರೆ ಕೆಡುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯ ಅಂಶವೂ ಏರಬಹುದು. ನಿಧಾನವಾಗಿ ಮಾಡುವ ಪ್ರಾರ್ಥನೆಯಿಂದ ಉಸಿರು ಹದಕ್ಕೆ ಬಂದು ಮನಸ್ಸು ತಿಳಿಯಾಗುತ್ತದೆ. ‘ದೇವರು ನನ್ನ ಜೊತೆಗಿದ್ದಾನೆ’ ಎಂದು ನಂಬಿದವರು ಸಂಕಟವನ್ನು ಹೆಚ್ಚು ಸಮಾಧಾನದಿಂದ ಎದುರಿಸುತ್ತಾರೆ, ‘ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ’ ಎಂದುಕೊಂಡವರಲ್ಲಿ ಖಿನ್ನತೆ ಹೆಚ್ಚು ಎಂದು ಮನಶ್ಶಾಸ್ತ್ರಜ್ಞರ ಅಧ್ಯಯನಗಳು ತೋರಿಸಿವೆ.

ಅಳು ಅವಿಶ್ವಾಸವಲ್ಲ

ಬೈಬಲಿನ ಯೋಬನ ಕಥೆ ನಿಮಗೆ ಗೊತ್ತಿರಬಹುದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಕುಳಿತಿದ್ದ ಅವನ ಬಳಿ ಗೆಳೆಯರು ಏಳು ದಿನ ಮೌನವಾಗಿ ಕುಳಿತರು. ಅದೇ ಒಳ್ಳೆಯ ಚಿಕಿತ್ಸೆಯಾಗಿತ್ತು. ಬಾಯಿ ತೆರೆದು ‘ನಿನ್ನ ಪಾಪದ ಫಲ’ ಎಂದದ್ದೇ ತಪ್ಪಾಯಿತು. ಕೊನೆಗೆ ದೇವರು ಗದರಿದ್ದು ಆ ಗೆಳೆಯರನ್ನೇ. ಕೀರ್ತನೆಗಳಲ್ಲಿ ಅನೇಕವು ಗೋಳಿನ ಹಾಡುಗಳು. ಲಾಜರನ ಸಮಾಧಿಯ ಬಳಿ ಯೇಸುವೂ ಅತ್ತನು. ಹೀಗಿರುವಾಗ ರೋಗಿಯ ಕಣ್ಣೀರನ್ನು ಕಂಡು ‘ನಿಮ್ಮ ವಿಶ್ವಾಸ ಸಾಲದು’ ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ.

ವೈದ್ಯರನ್ನು ಬಿಡಬೇಡಿ

ಸುವಾರ್ತೆ ಬರೆದ ಲೂಕ ವೈದ್ಯನೆಂದು ಪರಂಪರೆ ಹೇಳುತ್ತದೆ. 1906ರಲ್ಲಿ ಮೈಸೂರಿನಲ್ಲಿ ‘ಮಿಷನ್ ಆಸ್ಪತ್ರೆ’ ತೆರೆದವರೂ ಪ್ರಾರ್ಥನೆಯಲ್ಲಿ ನಂಬಿಕೆಯಿಟ್ಟವರೇ. ಪ್ರಾರ್ಥನೆಯಿಂದಲೇ ಎಲ್ಲವೂ ಆಗುವುದಾದರೆ ಅವರು ಆಸ್ಪತ್ರೆ ಕಟ್ಟುತ್ತಿರಲಿಲ್ಲ. ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ:

* ಪ್ರಾರ್ಥನಾ ಕೂಟದಿಂದ ಬಂದು ಮೈ ಹಗುರವೆನಿಸಿತೆಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಷಯದ ಔಷಧಿಯನ್ನು ಅರ್ಧಕ್ಕೆ ಬಿಟ್ಟರೆ ಆಮೇಲೆ ರೋಗ ಔಷಧಿಗೆ ಬಗ್ಗದಂತಾಗಬಹುದು.

* ತಪಸ್ಸುಕಾಲದ ಉಪವಾಸಕ್ಕೆ ಮುನ್ನ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ವೈದ್ಯರನ್ನು ಕೇಳಿ. ಕಾಯಿಲೆಯವರಿಗೆ ಕಥೋಲಿಕ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ.

* ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಇದು ವಿಶ್ವಾಸದ ಸೋಲಲ್ಲ, ಕಾಯಿಲೆಗೆ ಚಿಕಿತ್ಸೆ.

* ರೋಗಿಯನ್ನು ನೋಡಲು ಹೋದಾಗ ಉಪದೇಶ ಬೇಡ. ಒಂದಿಷ್ಟು ಗಂಜಿ ಒಯ್ಯಿರಿ, ಬಳಿಯಲ್ಲಿ ಕುಳಿತುಕೊಳ್ಳಿ. ಅವರು ಒಪ್ಪಿದರೆ ಜೊತೆಯಲ್ಲಿ ಪ್ರಾರ್ಥಿಸಿ. ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದಾಗ ಅವರೊಡನೆ ಬಸ್ಸು ಹತ್ತಿ.

ಕಪಿಲೆಯೂ ಕಾವೇರಿಯೂ ತಿ. ನರಸೀಪುರದಲ್ಲಿ ಕೂಡಿ ಒಂದಾಗಿ ಹರಿಯುತ್ತವೆ. ನಿಮ್ಮ ಮನೆಯಲ್ಲಿ ಪ್ರಾರ್ಥನೆಯೂ ಚಿಕಿತ್ಸೆಯೂ ಹಾಗೆಯೇ ಕೂಡಿ ಸಾಗಲಿ.