ಹೊಲದಲ್ಲಿ ದುಡಿದರೆ ಮಾನಸಿಕ ಕಾಯಿಲೆ ವಾಸಿಯಾಗುತ್ತಾ? ಮಾತ್ರೆ ಬಿಡಬಹುದಾ?

‘ತೋಟದ ಆಶ್ರಮಕ್ಕೆ ಸೇರಿಸಿ, ಮೈಮುರಿದು ದುಡಿದರೆ ಸಾಕು, ಮಾತ್ರೆ ಬೇಡ’ ಎನ್ನುವಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಅಪಾಯ.

ನಿಜ ಯಾವುದು?
ದಿನಚರಿ, ಜೊತೆಗಾರರು, ಕೈಗೊಂದು ಕೆಲಸ ಇದ್ದರೆ ಚೇತರಿಕೆಗೆ ನೆರವಾಗುತ್ತದೆ. ಅಮೆರಿಕದ ಗೌಲ್ಡ್ ಫಾರ್ಮ್ 1913ರಿಂದಲೂ ಇದನ್ನೇ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಪುನರ್ವಸತಿ ವಿಭಾಗದಲ್ಲೂ ತೋಟಗಾರಿಕೆ, ಬೇಕರಿ ಕೆಲಸ ಕಲಿಸುತ್ತಾರೆ.

ಅಲ್ಲಿನ ಸಿಬ್ಬಂದಿ ಏನು ಮಾಡುತ್ತಾರೆ?
ಅವರು ಕಾವಲುಗಾರರಲ್ಲ. ಜೊತೆಯಲ್ಲೇ ಕಳೆ ಕೀಳುತ್ತಾ ಯಾರಿಗೆ ನಿದ್ದೆ ಕೆಟ್ಟಿದೆ, ಯಾರು ಊಟ ಬಿಟ್ಟಿದ್ದಾರೆ ಎಂದು ಗಮನಿಸಿ ವೈದ್ಯರಿಗೆ ತಿಳಿಸಬೇಕು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ನುಂಗುವವರಿಗೆ ಬಿಸಿಲಿನ ಝಳ ಬೇಗ ತಾಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ. ಹಾಗಾಗಿ ನೆರಳು, ನೀರು ನೋಡಿಕೊಳ್ಳುವುದೂ ಅವರ ಹೊಣೆ.

ಸುಳ್ಳು ಯಾವುದು?
‘ಮಾತ್ರೆ ಬೇಡ’ ಎನ್ನುವುದು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಕೆಲಸ ಚಿಕಿತ್ಸೆಯ ಜೊತೆಗೆ ಇರಬೇಕು, ಅದರ ಬದಲಿಗಲ್ಲ.

ಸೇರಿಸುವ ಮೊದಲು ಕೇಳಿ
• ಮನೋವೈದ್ಯರು ಬರುತ್ತಾರಾ?
• ‘ಇವತ್ತು ಕೆಲಸ ಬೇಡ’ ಎನ್ನಬಹುದಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಲವಂತದ ದುಡಿಮೆ ಸಲ್ಲದು. ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು.
• ಕಟ್ಟಿಹಾಕುತ್ತಾರಾ? ಸರಪಳಿ ಬಿಗಿಯುವುದಕ್ಕೆ ಅದೇ ಕಾಯ್ದೆಯಲ್ಲಿ ನಿಷೇಧವಿದೆ.

ಹುಬ್ಬಳ್ಳಿ-ಧಾರವಾಡದವರು ಮೊದಲು ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಯಾವ ಊರಿನವರಾದರೂ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಫಾರ್ವರ್ಡ್ ಮಾಡುವುದಿದ್ದರೆ ಈ ನಂಬರ್ ಮಾಡಿ.